ಕಥೆ ಯಾರ ಪಿತ್ರಾರ್ಜಿತ?

ಟೆಲಿವಿಷನ್ನು ಇನ್ನೂ ನಡುಮನೆಯನ್ನು ಪ್ರವೇಶಿಸದಿದ್ದ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಊರುಗಳ ಪೇಟೆಬೀದಿಯಲ್ಲಿ, ಬಟ್ಟೆಯಂಗಡಿಗೂ ಔಷಧದಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕಿರುಮಳಿಗೆಯೊಂದರಲ್ಲಿ, ಕಾದಂಬರಿಗಳನ್ನು ದಿನಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ ಇರುತ್ತಿದ್ದುದುಂಟು. ಸಂಜೆ ಶಾಲೆ ಬಿಟ್ಟೊಡನೆ ಅಕ್ಕಂದಿರು ಅಟ್ಟಿದ ತಮ್ಮಂದಿರು ಅಲ್ಲಿಗೆ ಓಡಿಬಂದು, ಓದಿ ಮುಗಿಸಿದ ಪುಸ್ತಕವನ್ನು ಹಲಗೆಯ ಮೇಲಿಟ್ಟು, ‘ತ್ರಿವೇಣಿಯವರದ್ದು ಯಾವುದಾದ್ರೂ ಸರಿ ಅಂದ್ಳು ಅಕ್ಕ’ ಎಂದು ನಿಂತರೆ, ಅಂಗಡಿಯಾತ ರಿಜಿಸ್ಟರಿನ ಪುಟ ಮಗುಚಿ, ‘ಶರಪಂಜರ ಹೊರಗೆ ಹೋಗದೆ ಕಣಪ್ಪ, ಶನಿವಾರ ಬಾ’ ಎನ್ನುವನು. ಅಸಂಖ್ಯ ಕೈಗಳನ್ನು ಕಂಡ ಆ ಪುಸ್ತಕಗಳಿಗೆ ಕಾಕಿ ಕಾಗದದ ಹೊದಿಕೆ, ಬೆನ್ನಿಗೆ ಬಟ್ಟೆಯ ಪಟ್ಟಿ. ದಬ್ಬಣದಿಂದ ಚುಚ್ಚಿ ಬಿಗಿಯಾಗಿ ಹೊಲಿದುದರಿಂದ ಒಳಅಂಚಿನ ಅಕ್ಷರಗಳು ಹೊಲಿಗೆಯೊಳಗೆ ಹೂತುಹೋಗಿ, ಓದುವವರು ಸಾಲಿನ ಮೊದಲಕ್ಷರವನ್ನು ಊಹೆಯಿಂದಲೇ ತುಂಬಿಕೊಳ್ಳಬೇಕಾಗುತ್ತಿತ್ತು.

ಅಂಥ ಪುಸ್ತಕದ ಮೊದಲ ಹಾಳೆಗಳನ್ನು ತಿರುವಿದರೆ, ಮುದ್ರಣದ ವರ್ಷ, ಬೆಲೆ, ಮುದ್ರಣಾಲಯದ ಹೆಸರುಗಳ ನಡುವೆ, ‘ಹಕ್ಕುಗಳನ್ನು ಕಾದಿರಿಸಿದೆ’ ಎಂಬ ಸಾಲೊಂದು ಸಣ್ಣಕ್ಷರದಲ್ಲಿ ಕಾಣುತ್ತಿತ್ತು. ಕಥೆಯ ಆತುರದಲ್ಲಿದ್ದ ಓದುಗರಾರೂ ಆ ಸಾಲಿನ ಮೇಲೆ ಕಣ್ಣು ನಿಲ್ಲಿಸಿದವರಲ್ಲ. ಯಾರಿಗಾಗಿ ಕಾದಿರಿಸಿದೆ, ಎಷ್ಟು ಕಾಲ ಕಾದಿರಿಸಿದೆ, ಆ ಕಾಲ ಮುಗಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗಳು ವಕೀಲರಿಗೂ ಪ್ರಕಾಶಕರಿಗೂ ಸಂಬಂಧಿಸಿದವೆಂದೇ ನಾವೆಲ್ಲ ಭಾವಿಸಿದ್ದೆವು. ಆದರೆ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಎಲ್ಲ ಕಾದಂಬರಿಗಳ ಮಟ್ಟಿಗೆ ಆ ಕಾದಿರಿಸುವಿಕೆ ೨೦೨೩ರ ಡಿಸೆಂಬರ್ ೩೧ರ ನಡುರಾತ್ರಿಗೆ ಮುಗಿದುಹೋಯಿತು. ೨೦೨೪ರ ಜನವರಿ ೧ರಿಂದ ‘ಶರಪಂಜರ’, ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಬೆಕ್ಕಿನ ಕಣ್ಣು’ ಮೊದಲಾದ ಕೃತಿಗಳು ಸಮಸ್ತ ಜನತೆಯ ಸ್ವತ್ತು.

ಅದೇ ದಿನ ಅಮೆರಿಕದಲ್ಲಿ, ೧೯೨೮ರಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಕಿರುಚಿತ್ರದ ಸ್ವಾಮ್ಯವೂ ತೀರಿ, ಅದರೊಳಗಿನ ಮಿಕ್ಕಿ ಮೌಸ್ ಸಾರ್ವಜನಿಕನಾದುದನ್ನು ಜಗತ್ತಿನ ಪತ್ರಿಕೆಗಳೆಲ್ಲ ಸಾರಿದವು. ಅದೇ ೧೯೨೮ರಲ್ಲಿ ಹುಟ್ಟಿದ ನಮ್ಮ ಲೇಖಕಿಯ ಕೃತಿಗಳು ಬಿಡುಗಡೆ ಹೊಂದಿದ ಸಂಗತಿಯೂ ಕನ್ನಡಿಗರಿಗೆ ಅಷ್ಟೇ ದೊಡ್ಡ ವಾರ್ತೆಯಾಗಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳ್ಳೂರು ಮನೆತನದ ಮಗಳು

ತ್ರಿವೇಣಿ ಎಂಬುದು ಕಾವ್ಯನಾಮ. ಅನಸೂಯಾ ಶಂಕರ್ ಎಂಬುದು ವ್ಯವಹಾರದ ಹೆಸರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನಕ್ಕೆ ಸೇರಿದ ಆಕೆ, ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಕೊಟ್ಟ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಸೋದರನ ಪುತ್ರಿ. ಎಳವೆಯನ್ನು ಮಂಡ್ಯದಲ್ಲಿ ಕಳೆದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿ, ಆ ಶಾಸ್ತ್ರದ ಬೆಳಕಿನಲ್ಲಿ ನಮ್ಮ ಅಡಿಗೆಮನೆ, ಬಾಣಂತಿಕೋಣೆಗಳ ಒಳಗಣ ಸಂಕಟವನ್ನು ಕಂಡು, ಹತ್ತು ವರ್ಷಗಳಷ್ಟು ಅಲ್ಪಕಾಲದಲ್ಲಿ ಸುಮಾರು ೨೦ ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ರಚಿಸಿದರು. ಹೆರಿಗೆಯ ಅನಂತರ ಚಿತ್ತಸ್ವಾಸ್ಥ್ಯ ಕೆಟ್ಟು, ಗುಣಹೊಂದಿ ಮನೆಗೆ ಮರಳಿದ ಹೆಣ್ಣನ್ನು ಗಂಡನೂ ನೆರೆಹೊರೆಯವರೂ ಮತ್ತೆ ಹುಚ್ಚಿಗೆ ದೂಡುವ ಪರಿಯನ್ನು ‘ಶರಪಂಜರ’ ಚಿತ್ರಿಸಿದಾಗ, ಅದನ್ನು ಆಡಿ ತೋರಿಸುವ ಮಾತುಗಳೇ ನಮ್ಮ ಮನೆಗಳಲ್ಲಿರಲಿಲ್ಲ.

ಆಕೆ ತಾವೇ ಒಂದು ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ೧೯೬೩ರ ಜುಲೈ ೨೯ರಂದು, ೩೫ ತುಂಬುವ ಮೊದಲೇ ಗತಿಸಿದರು. ಪುಟ್ಟಣ್ಣ ಕಣಗಾಲರು ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ ‘ಪೂಚಕ್ಕಣ್ಣಿ’ ಎಂದು ತೆರೆಗೆ ತಂದುದು ೧೯೬೬ರಲ್ಲಿ. ‘ಬೆಳ್ಳಿಮೋಡ’ ಬಂದುದು ೧೯೬೭ರಲ್ಲಿ. ‘ಹಣ್ಣೆಲೆ ಚಿಗುರಿದಾಗ’ ೧೯೬೮ರಲ್ಲಿ. ಕಲ್ಪನಾ ಅವರ ಅಭಿನಯದಿಂದ ಮನೆಮಾತಾದ ‘ಶರಪಂಜರ’ ೧೯೭೧ರಲ್ಲಿ. ‘ಹೂವು ಹಣ್ಣು’ ಚಿತ್ರವಾದುದು ೧೯೯೩ರಲ್ಲಿ. ಇವಾವುದನ್ನೂ ಆಕೆ ನೋಡಲಿಲ್ಲ. ಬದುಕಿದ್ದಾಗ ಬಾರದ ಫಲವು ಸತ್ತ ಮೇಲೆ ಬಂದಾಗ, ಅದು ಆಕೆಯ ಮನೆಯವರಿಗೆ ಸಲ್ಲದೆ ಇನ್ನಾರಿಗೆ ಸಲ್ಲಬೇಕು? ಮರಣಾನಂತರವೂ ಗ್ರಂಥಸ್ವಾಮ್ಯವಿರಬೇಕೆಂಬ ವಾದಕ್ಕೆ ಇದಕ್ಕಿಂತ ಮನಮುಟ್ಟುವ ನಿದರ್ಶನವನ್ನು ನಾನು ಕಾಣೆ. ತಾಯಿಯ ಮುಖವನ್ನರಿಯದ ಆ ಕೂಸಿಗೆ ೬೦ ತುಂಬುವ ವರ್ಷವೇ ತಾಯಿಯ ಗ್ರಂಥಗಳ ಸ್ವಾಮ್ಯವೂ ಕೊನೆಗಂಡಿತೆಂಬುದನ್ನು ನೆನೆದರೆ, ಶಾಸನವು ಒಂದು ಕುಟುಂಬಕ್ಕೆ ಎಷ್ಟು ದೀರ್ಘವಾದ ಆಸರೆಯನ್ನು ಒದಗಿಸಿತ್ತೆಂಬುದೂ ತಿಳಿಯುತ್ತದೆ.

ಲೆಕ್ಕದ ರೀತಿ

ಭಾರತದಲ್ಲಿ ಇಂದು ಜಾರಿಯಲ್ಲಿರುವುದು ೧೯೫೭ರ ಕೃತಿಸ್ವಾಮ್ಯ ಅಧಿನಿಯಮ. ಅದರ ಪ್ರಕಾರ ಲೇಖಕನು ಜೀವಿಸಿರುವಷ್ಟು ಕಾಲವೂ, ಆತನು ಗತಿಸಿದ ವರ್ಷದ ಮರುವರ್ಷದ ಜನವರಿಯಿಂದ ಎಣಿಸಿ ೬೦ ವರ್ಷಗಳ ಕಾಲವೂ, ಆತನ ಕೃತಿಯನ್ನು ಮುದ್ರಿಸುವ, ಭಾಷಾಂತರಿಸುವ, ನಾಟಕವಾಗಿಯೋ ಚಲನಚಿತ್ರವಾಗಿಯೋ ಮಾರ್ಪಡಿಸುವ ಅಧಿಕಾರ ಆತನಿಗೆ, ಅಥವಾ ಆತನು ಬರೆದುಕೊಟ್ಟವರಿಗೆ, ಅಥವಾ ಆತನ ವಾರಸುದಾರರಿಗೆ ಮಾತ್ರ ಸಲ್ಲುತ್ತದೆ. ತಿಂಗಳು ತಾರೀಖುಗಳ ಗಣನೆಯಿಲ್ಲ. ಜನವರಿಯಲ್ಲಿ ತೀರಿಕೊಂಡವರಿಗೂ ಡಿಸೆಂಬರಿನಲ್ಲಿ ತೀರಿಕೊಂಡವರಿಗೂ ವರ್ಷಾಂತ್ಯವೇ ಗಡಿ. ಬಿ. ಎಂ. ಶ್ರೀಯವರು ತೀರಿಕೊಂಡುದು ೧೯೪೬ರ ಜನವರಿ ೫ರಂದು. ಅವರ ಕೃತಿಗಳ ಸ್ವಾಮ್ಯ ಹೋದುದು ೨೦೦೬ರ ಕಡೆಯಲ್ಲಿ. ೧೯೬೨ರಲ್ಲಿ ಗತಿಸಿದ ದೇವುಡು ಅವರ ‘ಮಹಾಬ್ರಾಹ್ಮಣ’ವು ತ್ರಿವೇಣಿಯವರ ಕೃತಿಗಳಿಗಿಂತ ಒಂದು ವರ್ಷ ಮೊದಲೇ ಮುಕ್ತವಾಯಿತು.

ಈ ಲೆಕ್ಕದಲ್ಲಿ ಒಂದು ವೈಷಮ್ಯವಿದೆ. ಆಯುಷ್ಯವನ್ನೇ ಅಳತೆಗೋಲಾಗಿ ಹಿಡಿದುದರಿಂದ, ಅಲ್ಪಾಯುವಾದವರ ಕೃತಿ ಬೇಗ ಬಿಡುಗಡೆಯಾಗುತ್ತದೆ, ದೀರ್ಘಾಯುವಾದವರದು ತಡವಾಗಿ. ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ಯನ್ನು ೧೯೪೨ರಲ್ಲಿ ಪ್ರಕಟಿಸಿ, ೨೦೦೩ರ ಡಿಸೆಂಬರಿನವರೆಗೆ ಬಾಳಿದುದರಿಂದ, ಆ ಸಂಕಲನದ ಸ್ವಾಮ್ಯ ೨೦೬೩ರ ಕೊನೆಯವರೆಗೆ ಉಳಿಯುತ್ತದೆ. ಎಂದರೆ ಪ್ರಕಟವಾದಂದಿನಿಂದ ೧೨೧ ವರ್ಷ. ಅದನ್ನು ಮೊದಲು ಕೊಂಡು ಓದಿದ ನವದಂಪತಿಗಳ ಮೊಮ್ಮಕ್ಕಳೂ ಅಷ್ಟರಲ್ಲಿ ವೃದ್ಧರಾಗಿರುತ್ತಾರೆ.

ಇನ್ನೊಂದು ತೊಡಕು, ಒಂದೇ ಕಥೆಯ ಮೇಲೆ ಹಲವರ ಹಕ್ಕುಗಳು ಪದರಪದರವಾಗಿ ಕುಳಿತಿರುವುದು. ಮಂಡ್ಯದ ಹವ್ಯಾಸಿ ತಂಡವೊಂದು ‘ಬೆಳ್ಳಿಮೋಡ’ವನ್ನು ರಂಗಕ್ಕೆ ತರಲು ಹೊರಟಿತೆಂದಿಟ್ಟುಕೊಳ್ಳೋಣ. ತ್ರಿವೇಣಿಯವರ ಕಾದಂಬರಿ ಈಗ ಮುಕ್ತ. ಯಾರನ್ನೂ ಕೇಳದೆ ಅದನ್ನು ನಾಟಕವಾಗಿ ಬರೆದುಕೊಳ್ಳಬಹುದು. ಚಲನಚಿತ್ರಗಳಿಗಾದರೋ ಬಿಡುಗಡೆಯಾದ ವರ್ಷದ ಅನಂತರ ೬೦ ವರ್ಷಗಳ ಗಣನೆ. ಆದುದರಿಂದ ೧೯೬೭ರ ಚಿತ್ರದ ಸ್ವಾಮ್ಯ ೨೦೨೭ರ ಕೊನೆಯವರೆಗೂ ಇರುತ್ತದೆ. ಚಿತ್ರಕ್ಕಾಗಿ ಬರೆದ ಸಂಭಾಷಣೆಯನ್ನಾಗಲಿ, ಚಿತ್ರದಲ್ಲಿ ಮಾತ್ರವೇ ಇರುವ ಸನ್ನಿವೇಶವನ್ನಾಗಲಿ ತಂಡದವರು ಎತ್ತಿಕೊಳ್ಳುವಂತಿಲ್ಲ. ಮೂಡಣ ಮನೆಯ ಬೆಳಗನ್ನು ಕುರಿತ ಆ ಪ್ರಸಿದ್ಧ ಹಾಡು ಬೇಕೆಂದರೆ, ಅದು ದ. ರಾ. ಬೇಂದ್ರೆಯವರ ಕವಿತೆ, ಬೇಂದ್ರೆಯವರು ೧೯೮೧ರಲ್ಲಿ ಗತಿಸಿದುದರಿಂದ ಆ ಪದ್ಯದ ಸ್ವಾಮ್ಯ ೨೦೪೧ರ ಕೊನೆಯವರೆಗೆ ಸಲ್ಲುತ್ತದೆ. ಪುಸ್ತಕ ಒಂದು ಕಡೆ, ಚಿತ್ರ ಒಂದು ಕಡೆ, ಹಾಡು ಮತ್ತೊಂದು ಕಡೆ. ನಾಟಕ ಆಡುವ ಹುಡುಗರು ಇಷ್ಟನ್ನು ತಿಳಿದಿರುವುದು ಒಳ್ಳೆಯದು.

ತ್ರಿವೇಣಿಯವರು ಅಪೂರ್ಣವಾಗಿ ಬಿಟ್ಟುಹೋದ ‘ಅವಳ ಮಗಳು’ ಕಾದಂಬರಿಯನ್ನು ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಅದರ ಲೆಕ್ಕವೇ ಬೇರೆ. ಅದನ್ನು ಮುಟ್ಟುವವರು ವಿಚಾರಿಸಿ ಮುಟ್ಟತಕ್ಕದ್ದು.

ಒಬ್ಬ ಕವಿಗಾಗಿ ಹತ್ತು ವರ್ಷ

ಅರವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದು ಹಲವರಿಗೆ ತಿಳಿಯದು. ೧೯೫೭ರ ಶಾಸನ ಮೊದಲು ವಿಧಿಸಿದ್ದುದು ಮರಣಾನಂತರ ೫೦ ವರ್ಷ. ‘ಬರ್ನ್ ಒಪ್ಪಂದ’ವೆಂಬ ಅಂತರರಾಷ್ಟ್ರೀಯ ಕರಾರು ಸದಸ್ಯ ದೇಶಗಳಿಂದ ಕೇಳುವ ಕನಿಷ್ಠ ಅವಧಿಯೂ ಅಷ್ಟೇ. ರವೀಂದ್ರನಾಥ ಠಾಕೂರರು ೧೯೪೧ರಲ್ಲಿ ನಿಧನರಾದುದರಿಂದ ಅವರ ಕೃತಿಗಳು ೧೯೯೧ರ ಕೊನೆಗೆ ಮುಕ್ತವಾಗಬೇಕಾಗಿತ್ತು. ಅವುಗಳ ಸ್ವಾಮ್ಯವಿದ್ದುದು ವಿಶ್ವಭಾರತಿಯ ಕೈಯಲ್ಲಿ. ಗುರುದೇವನ ಬರೆಹ ಕಂಡಕಂಡವರ ಕೈಸೇರಿ ಅಪಭ್ರಂಶಗೊಂಡೀತೆಂಬ ಆತಂಕ ವಂಗದೇಶದಲ್ಲಿ ಎದ್ದಿತು. ಗಡುವು ಮುಗಿಯಲು ಕೆಲವೇ ದಿನಗಳಿರುವಾಗ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ೧೯೯೨ರ ತಿದ್ದುಪಡಿಯಿಂದ ಅವಧಿಯನ್ನು ೬೦ಕ್ಕೆ ಏರಿಸಿತು. ಒಬ್ಬ ಮಹಾಕವಿಗಾಗಿ ಕೊಟ್ಟ ಹತ್ತು ವರ್ಷ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಹಬ್ಬಿತು. ಹಾಗಾಗದೆ ಇದ್ದಿದ್ದರೆ ಬಿ. ಎಂ. ಶ್ರೀಯವರ ಗ್ರಂಥಗಳು ೧೯೯೬ರ ಕೊನೆಗೂ, ತ್ರಿವೇಣಿಯವರವು ೨೦೧೩ರ ಕೊನೆಗೂ ಮುಕ್ತವಾಗುತ್ತಿದ್ದುವು.

ಠಾಕೂರರ ಸ್ವಾಮ್ಯ ೨೦೦೧ರ ಡಿಸೆಂಬರ್ ೩೧ಕ್ಕೆ ತೀರಿತು. ಅದರಿಂದ ಅವರ ಕೀರ್ತಿಗೆ ಕುಂದೇನೂ ಬಂದಂತಿಲ್ಲ.

ಅವಧಿಯನ್ನು ಹಿಗ್ಗಿಸುವ ಹಂಬಲ ನಮ್ಮ ದೇಶಕ್ಕೇ ಮೀಸಲಾದುದಲ್ಲ. ಇಂಗ್ಲೆಂಡಿನಲ್ಲಿ ೧೭೧೦ರಲ್ಲಿ ಜಾರಿಗೆ ಬಂದ ಮೊದಲ ಶಾಸನವು ಹೊಸ ಪುಸ್ತಕಕ್ಕೆ ಕೊಟ್ಟುದು ೧೪ ವರ್ಷ; ಲೇಖಕನು ಬದುಕಿದ್ದರೆ ಮತ್ತೆ ೧೪. ಇಂದು ಅಲ್ಲಿ ಮರಣಾನಂತರ ೭೦. ೧೮೪೧ರಲ್ಲಿ, ಮರಣಾನಂತರ ೬೦ ವರ್ಷಗಳ ಸ್ವಾಮ್ಯ ಕೊಡಬೇಕೆಂಬ ಮಸೂದೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ಅದನ್ನು ಎದುರಿಸಿ ನಿಂತವನು ನಮ್ಮ ವಿದ್ಯಾಭ್ಯಾಸದ ಇತಿಹಾಸದಲ್ಲಿ ಅಪ್ರಿಯನಾಗಿ ಉಳಿದಿರುವ ಮೆಕಾಲೆ. ಆ ದಿನ ಆತನಾಡಿದುದು ವಿವೇಕದ ಮಾತು. ರಿಚರ್ಡ್‌ಸನ್ ಎಂಬ ಕಾದಂಬರಿಕಾರನ ಮೊಮ್ಮಗನು ಪಾದ್ರಿಯಾಗಿ, ಕಾದಂಬರಿ ಓದುವುದೇ ಪಾಪವೆಂದು ನಂಬಿ, ತಾತನ ಒಂದು ಕೃತಿಯನ್ನೂ ತೆರೆದು ನೋಡಿದವನಲ್ಲ. ಅಂಥವನ ಕೈಗೆ ಹಕ್ಕು ಸಿಕ್ಕಿದ್ದರೆ ಆ ಕಾದಂಬರಿಗಳು ಮತ್ತೆ ಅಚ್ಚಾಗುತ್ತಿದ್ದುವೆ ಎಂದು ಆತ ಕೇಳಿದ. ಉತ್ತರಾಧಿಕಾರಿಗೆ ರಕ್ತಸಂಬಂಧವಿರುತ್ತದೆ, ರಸಸಂಬಂಧ ಇರಲೇಬೇಕೆಂಬ ನಿಯಮವೇನೂ ಇಲ್ಲ.

ಗದ್ದೆಗಿರುವ ಹಕ್ಕು ಗ್ರಂಥಕ್ಕೇಕಿಲ್ಲ?

ಮಂಡ್ಯದ ಸೀಮೆಯಲ್ಲಿ ಈ ವಿಷಯವನ್ನೆತ್ತಿದರೆ ಎದುರಾಗುವ ಮೊದಲ ಪ್ರಶ್ನೆ ಇದೇ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ತಾತ ಹದಮಾಡಿದ ಕಬ್ಬಿನ ಗದ್ದೆ ಅಪ್ಪನಿಗೆ ಬಂತು, ಮಗನಿಗೆ ಬಂತು, ಮೊಮ್ಮಗನಿಗೂ ಬರುತ್ತದೆ. ೬೦ ವರ್ಷವಾಯಿತು, ಇನ್ನು ಇದು ಊರ ಸ್ವತ್ತೆಂದು ಯಾರೂ ಬೇಲಿ ಕೀಳುವುದಿಲ್ಲ. ರಾತ್ರಿಯೆಲ್ಲ ದೀಪ ಉರಿಸಿ ಕಾದಂಬರಿ ಬರೆದವನ ಬೆವರು ಮಾತ್ರ ಅಗ್ಗವೆ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ; ಇದರ ಹಿಂದೆ ದುಡಿಮೆಯ ಮೇಲಣ ಗೌರವವಿದೆ. ಆದರೆ ಗದ್ದೆಯ ಸ್ವಭಾವವೇ ಬೇರೆ, ಗ್ರಂಥದ ಸ್ವಭಾವವೇ ಬೇರೆ. ಗದ್ದೆಯನ್ನು ಒಬ್ಬನು ಉತ್ತರೆ ಇನ್ನೊಬ್ಬನು ಉಳಲಾರ. ಅಣ್ಣತಮ್ಮಂದಿರ ಹಿಸ್ಸೆಯಾದಂತೆಲ್ಲ ಎಕರೆ ಹೋಗಿ ಗುಂಟೆಯಾಗುತ್ತದೆ. ಯಜಮಾನನಿಲ್ಲದಿದ್ದರೆ ಕಳೆ ಬೆಳೆಯುತ್ತದೆ. ಕಥೆಯಾದರೋ ಎಷ್ಟು ಮಂದಿ ಓದಿದರೂ ಒಂದು ಗುಂಟೆಯಷ್ಟೂ ಕಿರಿದಾಗುವುದಿಲ್ಲ. ಅದಕ್ಕೆ ಕಳೆ ಬೆಳೆಯುವುದು ಓದುವವರಿಲ್ಲದಾಗ ಮಾತ್ರ.

ಪಹಣಿಯ ಮಾತನ್ನೂ ಆಡಬೇಕು. ಗದ್ದೆಯ ಯಜಮಾನ ಯಾರೆಂಬುದು ನಾಡಕಚೇರಿಯಲ್ಲಿ ದೊರೆಯುತ್ತದೆ. ಸರ್ವೆ ನಂಬರಿದೆ, ಚೆಕ್ಕುಬಂದಿಯಿದೆ, ಯಜಮಾನ ತೀರಿಕೊಂಡರೆ ವಂಶವೃಕ್ಷ ಬರೆಸಿ ಪೌತಿ ಖಾತೆ ಮಾಡಿಸಿಕೊಳ್ಳುವ ಕ್ರಮವಿದೆ. ಪುಸ್ತಕಕ್ಕೆ ಪಹಣಿಯಿಲ್ಲ. ಬರೆದ ಕ್ಷಣದಲ್ಲೇ ಸ್ವಾಮ್ಯ ತಾನಾಗಿ ಹುಟ್ಟುವುದರಿಂದ ನೋಂದಣಿ ಕಡ್ಡಾಯವಲ್ಲ. ಲೇಖಕನು ತೀರಿಕೊಂಡು ೪೦ ವರ್ಷಗಳಾದ ಮೇಲೆ ಆತನ ಕಥಾಸಂಕಲನವೊಂದನ್ನು ಪುನಃ ಅಚ್ಚುಹಾಕಬೇಕೆಂದು ಹೊರಟ ಸಣ್ಣ ಪ್ರಕಾಶಕನ ಪಾಡನ್ನು ನೋಡಿ: ಮೊದಲ ಪ್ರಕಾಶನ ಮುಚ್ಚಿಹೋಗಿದೆ, ಲೇಖಕರ ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಪರದೇಶದಲ್ಲಿ, ಒಬ್ಬರು ತೀರಿಕೊಂಡು ಅವರ ಮಕ್ಕಳು ಎಲ್ಲಿದ್ದಾರೋ ತಿಳಿಯದು, ಒಬ್ಬರು ಒಪ್ಪಿ ಮತ್ತೊಬ್ಬರು ಒಪ್ಪದಿದ್ದರೆ ಮುಂದುವರಿಯುವಂತಿಲ್ಲ. ಐನೂರು ಪ್ರತಿಗಳಿಗಾಗಿ ಅಷ್ಟು ಓಡಾಡುವವರಾರು? ಕೃತಿ ಅಚ್ಚಾಗದೆ ಉಳಿಯುತ್ತದೆ. ಅದರಿಂದ ವಾರಸುದಾರರಿಗೆ ಕಾಸು ಹುಟ್ಟುವುದಿಲ್ಲ, ಓದುಗನಿಗೆ ಪುಸ್ತಕ ಸಿಕ್ಕುವುದಿಲ್ಲ. ಅವಧಿ ತೀರದ ಸ್ವಾಮ್ಯವೆಂದರೆ ಬಹುಪಾಲು ಪುಸ್ತಕಗಳಿಗೆ ಇದೇ ಸ್ಥಿತಿಯನ್ನು ಶಾಶ್ವತಗೊಳಿಸುವುದು. ಠಾಕೂರರಿಗೂ ಕುವೆಂಪು ಅವರಿಗೂ ಕಾವಲುಗಾರರಿದ್ದಾರೆ; ಎರಡೇ ಪುಸ್ತಕ ಬರೆದು ಕಣ್ಮುಚ್ಚಿದ ಹಳ್ಳಿಯ ಕಥೆಗಾರನಿಗೆ ಯಾರೂ ಇಲ್ಲ.

ಬೊಪ್ಪೇಗೌಡನಪುರದ ಕಥೆ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಗದ್ದುಗೆ. ಮಂಟೇಸ್ವಾಮಿಯ ಮಹಾಕಾವ್ಯವನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರಿಗೆ ದೀಕ್ಷೆಯಿದೆ, ಗುರುವಿದ್ದಾನೆ, ಒಕ್ಕಲಿನ ಕಟ್ಟಿದೆ. ಆದರೆ ಇದು ನನ್ನ ಕೃತಿ, ಇದನ್ನು ನಾನಲ್ಲದೆ ಇನ್ನಾರೂ ಮುಟ್ಟಕೂಡದೆಂದು ಹೇಳುವ ಲೇಖಕನಿಲ್ಲ. ಸಿದ್ಧಪ್ಪಾಜಿಯು ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗವನ್ನು ಒಬ್ಬ ನೀಲಗಾರನು ಹಾಡಿದಂತೆ ಇನ್ನೊಬ್ಬನು ಹಾಡುವುದಿಲ್ಲ. ಒಬ್ಬನಲ್ಲಿ ಕುಲುಮೆಯ ಬೆಂಕಿ ಹಿಗ್ಗಿದರೆ ಮತ್ತೊಬ್ಬನಲ್ಲಿ ಶಿಷ್ಯನ ಅಳಲು ಹಿಗ್ಗುತ್ತದೆ. ಹಲಗೂರು ಇದೇ ತಾಲ್ಲೂಕಿನ ಊರು. ಕಥೆ ನಡೆದ ನೆಲವನ್ನು ತುಳಿಯುತ್ತಲೇ ಕಥೆ ಕೇಳುವ ಜನ ಇವರು. ಈ ಕಾವ್ಯ ಬಾಯಿಂದ ಬಾಯಿಗೆ ಬಂದು, ವಿದ್ವಾಂಸರಿಂದ ಸಂಗ್ರಹವಾಗಿ ಗ್ರಂಥರೂಪ ತಾಳಿ, ಎಚ್. ಎಸ್. ಶಿವಪ್ರಕಾಶರ ಲೇಖನಿಯಿಂದ ‘ಮಂಟೇಸ್ವಾಮಿ ಕಥಾಪ್ರಸಂಗ’ವೆಂಬ ನಾಟಕವಾಗಿ ರಂಗವೇರಿತು. ನಾಟಕ ಶಿವಪ್ರಕಾಶರದು; ಮಂಟೇಸ್ವಾಮಿ ಎಲ್ಲರವನು.

ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯನ್ನು ‘ಮಿತ್ರವಿಂದಾಗೋವಿಂದ’ವಾಗಿ ಮಾರ್ಪಡಿಸಿದುದರಿಂದ ಇಂದು ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ನಾಟಕ ಉಂಟಾಯಿತು. ಮೇ‍ಲುಕೋಟೆಯ ಪು. ತಿ. ನರಸಿಂಹಾಚಾರ್ಯರು ‘ಗೋಕುಲ ನಿರ್ಗಮನ’ವನ್ನೂ ‘ಅಹಲ್ಯೆ’ಯನ್ನೂ ಬರೆಯುವಾಗ ವ್ಯಾಸವಾಲ್ಮೀಕಿಗಳ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಹಿಂದಿನವರ ಕಥೆಯನ್ನು ತೆಗೆದುಕೊಂಡು ತನ್ನ ಕಾಲದ ನೋವನ್ನು ಅದರಲ್ಲಿ ತುಂಬುವುದು ನಮ್ಮ ಸಾಹಿತ್ಯದ ಉಸಿರಾಟವೇ ಆಗಿರುವಾಗ, ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಕಥೆಗಳಿಗೆ ಮಾತ್ರ ಅನಂತಕಾಲ ಬೀಗ ಹಾಕಿಡುವುದು ಆ ಉಸಿರನ್ನು ಕಟ್ಟಿದಂತೆ. ‘ಶರಪಂಜರ’ದ ಕಾವೇರಿಯ ಕಥೆಯನ್ನು ಆಕೆಯ ಗಂಡನ ದೃಷ್ಟಿಯಿಂದಲೋ, ಬೆಳೆದುನಿಂತ ಮಕ್ಕಳ ದೃಷ್ಟಿಯಿಂದಲೋ ಬರೆಯುವ ಧೈರ್ಯ ಇಂದಿನ ಯಾವಳಾದರೂ ಮಂಡ್ಯದ ಹುಡುಗಿಗೆ ಬಂದರೆ, ಈಗ ಅವಳನ್ನು ತಡೆಯುವ ಶಾಸನವಿಲ್ಲ. ಅಂಥ ಕಾದಂಬರಿಯೊಂದನ್ನು ಓದಲು ನಾನು ಕಾದಿದ್ದೇನೆ.

ಸ್ವಾಮ್ಯವು ಇರುವಾಗಲೂ ಕಥಾವಸ್ತುವಿಗೆ ಒಡೆತನವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಬಾಣಂತಿಯ ಚಿತ್ತಭ್ರಮೆಯನ್ನು ಕುರಿತು ಯಾರು ಬೇಕಾದರೂ ಎಂದು ಬೇಕಾದರೂ ಬರೆಯಬಹುದಾಗಿತ್ತು. ಶಾಸನ ಕಾಯುವುದು ಆ ವಸ್ತುವನ್ನು ಲೇಖಕಿ ಮೂಡಿಸಿದ ರೂಪವನ್ನು ಮಾತ್ರ. ‘ಹಮ್ ಹಿಂದೂಸ್ತಾನಿ’ ಎಂಬ ನಾಟಕವನ್ನು ‘ನ್ಯೂ ಡೆಲ್ಲಿ’ ಎಂಬ ಚಲನಚಿತ್ರ ಕದ್ದಿದೆಯೆಂಬ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಈ ತತ್ತ್ವವನ್ನೇ ಎತ್ತಿಹಿಡಿಯಿತು.

ಹೆಸರಿಗೆ ಅವಧಿಯಿಲ್ಲ

ಸ್ವಾಮ್ಯ ತೀರಿದೊಡನೆ ಲೇಖಕಿಯ ಹೆಸರನ್ನು ಕಿತ್ತುಹಾಕಿ ತನ್ನ ಹೆಸರಿನಲ್ಲಿ ಅಚ್ಚುಹಾಕಬಹುದೆ? ಕೂಡದು. ಕೃತಿಯನ್ನು ಬರೆದವರು ಇವರೆಂದು ಹೇಳಿಸಿಕೊಳ್ಳುವ ಹಕ್ಕೂ, ತಮ್ಮ ಗೌರವಕ್ಕೆ ಚ್ಯುತಿ ಬರುವಂತೆ ಅದನ್ನು ವಿಕಾರಗೊಳಿಸಿದರೆ ಆಕ್ಷೇಪಿಸುವ ಹಕ್ಕೂ ಹಣದ ಹಕ್ಕಿನಿಂದ ಬೇರೆ. ಮನ್ನೂ ಭಂಡಾರಿಯವರ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ತಿರುಚಿ ಚಿತ್ರ ಮಾಡಿದಾಗ, ಚಿತ್ರದ ಹಕ್ಕನ್ನು ಮಾರಿದ್ದರೂ ವಿಕಾರವನ್ನು ಪ್ರಶ್ನಿಸುವ ಅಧಿಕಾರ ಲೇಖಕಿಗೆ ಉಳಿದೇ ಇರುತ್ತದೆಂದು ದೆಹಲಿ ಉಚ್ಚ ನ್ಯಾಯಾಲಯವು ೧೯೮೬ರಲ್ಲಿ ಮನ್ನಿಸಿತು. ೨೦೧೨ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಸ್ವಾಮ್ಯದ ಅವಧಿ ಮುಗಿದ ಮೇಲೆ ಆದ ವಿಕಾರವನ್ನೂ ಪ್ರಶ್ನಿಸಲು ದಾರಿ ತೆರೆಯಿತು.

ಈ ವಿಭಾಗ ನನಗೆ ಅತ್ಯಂತ ನ್ಯಾಯವಾಗಿ ಕಾಣುತ್ತದೆ. ಕಥೆಯ ಮೇಲೆ ಹಣವೆತ್ತುವ ಹಕ್ಕಿಗೆ ಕೊನೆಯಿರಬೇಕು. ಕಥೆಯ ಮೇಲಿರುವ ಹೆಸರಿಗೆ ಕೊನೆಯಿರಬಾರದು. ಠಾಕೂರರ ವಿಷಯದಲ್ಲಿ ವಂಗದವರು ಹೆದರಿದುದು ವಿಕಾರಕ್ಕೆ. ಆ ಹೆದರಿಕೆಗೆ ಮದ್ದು ಅವಧಿಯ ವಿಸ್ತರಣೆಯಲ್ಲ, ಈ ಎರಡನೆಯ ಹಕ್ಕಿನ ರಕ್ಷಣೆ.

ಹಣದ ವಿಷಯದಲ್ಲಿಯೂ ನಡುದಾರಿಯೊಂದನ್ನು ಬ್ರಿಟನ್ ತೋರಿಸಿದೆ. ‘ಪೀಟರ್ ಪ್ಯಾನ್’ ಬರೆದ ಜೆ. ಎಂ. ಬ್ಯಾರಿಯು ೧೯೨೯ರಲ್ಲಿ ಅದರ ಹಕ್ಕನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ದಾನಮಾಡಿದ. ಅವಧಿ ತೀರಿದ ಮೇಲೆ ೧೯೮೮ರ ಶಾಸನವು, ಆ ದೇಶದಲ್ಲಿ ಆ ಕೃತಿಯಿಂದ ಬರುವ ಗೌರವಧನವನ್ನು ಆಸ್ಪತ್ರೆಗೆ ಶಾಶ್ವತವಾಗಿ ಸಲ್ಲಿಸಿತು. ಯಾರನ್ನೂ ತಡೆಯುವ ಅಧಿಕಾರ ಆಸ್ಪತ್ರೆಗಿಲ್ಲ. ಪಾಲು ಮಾತ್ರ ಉಂಟು. ನಮ್ಮಲ್ಲಿ ಮುಕ್ತವಾದ ಕೃತಿಗಳನ್ನು ವ್ಯಾಪಾರಕ್ಕಾಗಿ ಬಳಸುವ ದೊಡ್ಡ ಚಿತ್ರಸಂಸ್ಥೆಗಳಿಂದ ಅತ್ಯಲ್ಪ ಪಾಲೊಂದನ್ನು ಪಡೆದು, ಅಶಕ್ತರಾದ ವೃದ್ಧ ಲೇಖಕರ ನಿಧಿಗೆ ಸೇರಿಸಿದರೆ ನಾನಂತೂ ಸಂತೋಷದಿಂದ ಒಪ್ಪುವೆನು. ಪುಸ್ತಕ ಮುದ್ರಿಸುವವರಿಂದಲೂ ನಾಟಕ ಆಡುವ ಹುಡುಗರಿಂದಲೂ ಏನನ್ನೂ ಕೇಳಕೂಡದು.

೨೦೫೮ರವರೆಗೆ

ಮರಣಾನಂತರ ೬೦ ವರ್ಷಗಳೆಂಬುದು ಅತಿಯಾಯಿತೆಂದು ನಾನು ನಂಬುತ್ತೇನೆ. ಹಸುಗೂಸು ಬೆಳೆದು, ಓದಿ, ಸ್ವಂತ ಕಾಲಿನ ಮೇಲೆ ನಿಲ್ಲಲು ೨೫ ವರ್ಷ ಸಾಕು. ಇನ್ನೈದು ಸೇರಿಸಿ ೩೦ ಎನ್ನೋಣ. ಆದರೆ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿರುವ ನಾವು ೫೦ಕ್ಕಿಂತ ಕೆಳಗಿಳಿಯುವಂತಿಲ್ಲ. ೧೯೯೨ರಲ್ಲಿ ಸೇರಿಸಿದ ಹತ್ತು ವರ್ಷವನ್ನು ಮುಂದಿನ ಕೃತಿಗಳ ಮಟ್ಟಿಗಾದರೂ ಹಿಂದಕ್ಕೆ ಪಡೆಯುವುದು ನಮ್ಮ ಸಂಸತ್ತಿನ ಕೈಯಲ್ಲಿದೆ. ಅವಧಿಯನ್ನು ೭೦ಕ್ಕೆ ಏರಿಸಬೇಕೆಂಬ ಬೇಡಿಕೆ ಎಂದಾದರೂ ಬಂದರೆ, ಓದುಗರು ಒಕ್ಕೊರಲಿನಿಂದ ವಿರೋಧಿಸತಕ್ಕದ್ದು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಲ್ಲಿ ಹುಟ್ಟಿ, ವೈದ್ಯವೃತ್ತಿಯಲ್ಲಿದ್ದುಕೊಂಡು, ‘ನೆಲದ ಒಡಲು’ ಮೊದಲಾದ ಸಂಕಲನಗಳಲ್ಲಿ ಈ ಸೀಮೆಯ ಒಕ್ಕಲುಮಕ್ಕಳ, ಕೂಲಿಗಳ ಬದುಕನ್ನು ಅವರದೇ ನುಡಿಯಲ್ಲಿ ಹಿಡಿದಿಟ್ಟ ಡಾ. ಬೆಸಗರಹಳ್ಳಿ ರಾಮಣ್ಣನವರು ೧೯೯೮ರಲ್ಲಿ ತೀರಿಕೊಂಡರು. ಅದೇ ವರ್ಷ ಪು. ತಿ. ನ. ಅವರೂ ತೀರಿಕೊಂಡರು. ಆದ್ದರಿಂದ ಇಬ್ಬರ ಕೃತಿಗಳೂ ಮುಕ್ತವಾಗುವುದು ೨೦೫೮ರ ಡಿಸೆಂಬರ್ ೩೧ರ ಒಂದೇ ರಾತ್ರಿ. ಇಂದು ಮದ್ದೂರಿನ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳು ಅಂದು ನಡುವಯಸ್ಸನ್ನು ಮುಟ್ಟಿರುತ್ತಾರೆ. ರಾಮಣ್ಣನವರ ಕಥೆಗಳು ಅವರಿಗೆ ಈಗಲೇ ಬೇಕು.

ಕಾಯದೆ ನಡೆಯುವ ದಾರಿಯೊಂದು, ಮನಸ್ಸು ನಡೆಯುವ ದಾರಿಯೊಂದು. ಪ್ರಕಟವಾದ ಕೃತಿಯನ್ನು ಸ್ವಾಮ್ಯವುಳ್ಳವರು ಪುನರ್ಮುದ್ರಿಸಲು ನಿರಾಕರಿಸಿ, ಅದರಿಂದ ಜನರಿಗೆ ಅದು ದೊರೆಯದೆ ಹೋದರೆ, ನ್ಯಾಯವಾದ ಪ್ರತಿಫಲ ಕೊಟ್ಟು ಪ್ರಕಟಿಸಲು ಕಡ್ಡಾಯ ಪರವಾನಗಿ ಬೇಡುವ ಅವಕಾಶ ನಮ್ಮ ಶಾಸನದಲ್ಲಿದೆ. ಪ್ರಕಟವಾಗಿ ಏಳು ವರ್ಷ ಕಳೆದ ಕೃತಿಯ ಭಾಷಾಂತರಕ್ಕೂ ಹಾಗೆಯೇ ಅರ್ಜಿ ಹಾಕಬಹುದು. ಸರ್ಕಾರವೇ ಹಕ್ಕನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟ ನಿದರ್ಶನ ನೆರೆಯ ನಾಡಿನಲ್ಲಿದೆ. ೧೯೪೯ರಲ್ಲಿ ಮದರಾಸು ಸರ್ಕಾರವು ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ತನ್ನದಾಗಿಸಿಕೊಂಡು, ಮುಂದೆ ಅವನ್ನು ಸಾರ್ವಜನಿಕಗೊಳಿಸಿತು. ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವರ್ಷಕ್ಕೆ ಇಬ್ಬರು ಲೇಖಕರ ಕೃತಿಗಳಿಗೆ ಹೀಗೆ ಮಾಡಿದರೂ ಹತ್ತು ವರ್ಷದಲ್ಲಿ ದೊಡ್ಡ ಭಂಡಾರವಾಗುತ್ತದೆ.

ಎಲ್ಲಕ್ಕಿಂತ ಸುಲಭವಾದುದು ವಾರಸುದಾರರು ತಾವಾಗಿ ಕೈಬಿಡುವುದು. ‘ಚಿರಸ್ಮರಣೆ’ಯ ಕರ್ತೃ ನಿರಂಜನರು ೧೯೯೨ರಲ್ಲಿ ತೀರಿಕೊಂಡರು, ಶಾಸನದಂತೆ ಅವರ ಕೃತಿಗಳು ೨೦೫೨ರವರೆಗೆ ಕಾಯಬೇಕಾಗಿತ್ತು. ಅವರ ಕುಟುಂಬದವರು ೨೦೧೪ರಲ್ಲಿ ೫೫ ಪುಸ್ತಕಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಲೇಖಕರ ಹೆಸರನ್ನು ಹೇಳಿ, ತಾವು ಮಾಡಿದ ಮಾರ್ಪಾಟನ್ನೂ ಅದೇ ರೀತಿ ಮುಕ್ತವಾಗಿಡುವುದಾದರೆ ಯಾರು ಬೇಕಾದರೂ ಅವನ್ನು ಮುದ್ರಿಸಬಹುದು, ಅನುವಾದಿಸಬಹುದು. ಅದಕ್ಕೆ ಬೇಕಾದುದು ಸ್ವಾಮ್ಯವುಳ್ಳವರೆಲ್ಲರ ಸಹಿಯಿರುವ ಒಂದು ಪತ್ರ. ಮಂಡ್ಯ ಜಿಲ್ಲೆಯ ಲೇಖಕರ ಮನೆಗಳಿಗೆ ಹೋಗಿ, ಇಂಥ ಪತ್ರವನ್ನು ಓದಿ ಹೇಳಿ, ಒಪ್ಪಿದವರಿಂದ ಸಹಿ ಪಡೆದು, ಒಪ್ಪದವರಿಂದ ಒಂದು ಮರುಮುದ್ರಣಕ್ಕಾದರೂ ಅನುಮತಿ ಬೇಡುವ ಕೆಲಸವನ್ನು ತಾಲ್ಲೂಕು ಸಾಹಿತ್ಯ ಪರಿಷತ್ತಿನ ಘಟಕಗಳು ಕೈಗೆತ್ತಿಕೊಳ್ಳಬಹುದು. ಮೊದಲು ಹೋಗಬೇಕಾದ ಊರು ಬೆಸಗರಹಳ್ಳಿ.